ದೊಡ್ಡದು ಎಂಬ ಬಟನ್

ಜುಲೈ 2, ಬೆಳಿಗ್ಗೆ

ಕಂಪ್ಯೂಟರ್ ಕಂಡುಹಿಡಿದವರು ಮೊದಲು ನನ್ನನ್ನು ಕೇಳಿಯೇ ಕೆಲಸಕ್ಕೆ ಕೈಹಾಕಿದರು. ನಾನು ಓದಿದ್ದು ನಮ್ಮೂರು ಕಿಣ್ಣಿ ಸುಲ್ತಾನದ ಶಾಲೆ, ಏಳನೆಯ ಇಯತ್ತೆ — ಅಷ್ಟೇ ಸಾಕಾಯಿತು.

ಅಣ್ಣನ ಆಕ್ಸಿಜನ್ ಮಷೀನಿನ ಬಾಟಲಿಗೆ ನೀರು ತುಂಬಿದೆ. ಅಣ್ಣ ದೌಲತರಾಯ ಮೂಗಿಗೆ ನಳಿಕೆ ಇಟ್ಟುಕೊಂಡೇ ಮಲಗುತ್ತಾನೆ. ಲೈಟು, ಫ್ಯಾನು, ಮಷೀನು — ಎಲ್ಲ ಗೋಡೆಗೆ ಹಾಕಿದ ಟ್ಯಾಬ್ಲೆಟ್ಟಿನ ಪರದೆಯಿಂದಲೇ ಆನ್, ಆಫ್. ಅವನ ಮಗಳು ವಿದ್ಯಾವತಿ ಜೇವರ್ಗಿಯಿಂದ ಬಂದು ಕೂಡಿಸಿಕೊಟ್ಟಳು. ಆದರೆ ಆ ಪರದೆ... ಆಸ್ಪತ್ರೆ ಗೋಡೆಯ ಬಣ್ಣ. ಎಲ್ಲೆಲ್ಲಿಯ ಜನವೋ ಚಂದ ಚಂದ ಥೀಮ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ನಾನು ಸುಮ್ಮನಿರುವವನೇ?

ಜುಲೈ 4

ಸಿಕ್ಕಿತು. ನವಿಲಿನ ಬಣ್ಣದ ಥೀಮ್. ಫೋನಿನಲ್ಲಿ ಒಬ್ಬ 'ಆ್ಯಕ್ಟಿವೇಶನ್ ಫೀ' ಕೇಳಿದ. ಕರೆಂಟು ಹೋದರೆ ಇರಲಿ ಎಂದು ಒಂದು ಆಕ್ಸಿಜನ್ ಸಿಲಿಂಡರ್ ತರಲು ಅಣ್ಣನ ಹೆಂಡತಿ, ನಮ್ಮ ವೈನಿ, ರೊಕ್ಕ ಕೊಟ್ಟಿದ್ದರು. ಅದನ್ನೇ ಕಳಿಸಿದೆ.

"ಸಿಲಿಂಡರ್ ತಂದ್ಯೇನೋ, ಕಲ್ಯಾಣಪ್ಪ?"

"ಸ್ಟಾಕ್ ಇಲ್ಲಂತ್ರಿ ವೈನಿ. ಪರದೆ ನೋಡ್ರಿ, ಹೆಂಗ ಹೊಳಿಯಾಕತ್ತದ!"

"ಹಳೇದ ಛಲೋ ಇತ್ತು. ಹಸಿರು ಆನ್, ಕೆಂಪು ಆಫ್. ನನಗ ತಿಳೀತಿತ್ತು."

ಜುಲೈ 5

ಬಟನ್ ಮೇಲಿನ ಇಂಗ್ಲಿಷ್ ತೆಗೆದು ಕನ್ನಡ ಹಾಕಿದೆ. ಆನ್‌ಗೆ 'ಹಚ್ಚು'. ಆಫ್‌ಗೆ 'ಆರಿಸು' ಎಂದು ಬರೆಯಲು ಕೈ ಏಳಲಿಲ್ಲ. ಅಣ್ಣ ಹೀಗೆ ಮಲಗಿರುವಾಗ ಮನೆಯಲ್ಲಿ ಆ ಮಾತೇ? ದೀಪ ಆರಿಸುವಾಗ ಅವ್ವ ಅನ್ನುತ್ತಿದ್ದಂತೆ 'ದೊಡ್ಡದು ಮಾಡು' ಎಂದು ಬರೆದೆ. ಲೈಟಿಗೆ, ಫ್ಯಾನಿಗೆ, ಮಷೀನಿಗೆ — ಎಲ್ಲಕ್ಕೂ.

ಜುಲೈ 13

ನಿನ್ನೆ ಕಲಬುರಗಿ ಆಸ್ಪತ್ರೆಯಿಂದ ಬಂದೆವು. ಅಣ್ಣ ಇದ್ದಾನೆ.

ಅದು ಆದದ್ದು ಏಳನೆಯ ತಾರೀಖು. ನಾನು ಆಳಂದ ಬಜಾರಿನಲ್ಲಿ, ನನ್ನ ಪರದೆಯ ಹೊಗಳಿಕೆಯಲ್ಲಿ. ಮನೆಯಲ್ಲಿ ಅಣ್ಣನಿಗೆ ದಮ್ಮು ಏರಿತು. ಗಾಳಿ ಜಾಸ್ತಿ ಬರಲೆಂದು ವೈನಿ ಮಷೀನಿನ 'ದೊಡ್ಡದು ಮಾಡು' ಒತ್ತಿದರು. ಮಷೀನು ಒಮ್ಮೆ ಕೂಗಿ ನಿಂತಿತು. ಕರೆಂಟು ಹೋಯಿತೆಂದುಕೊಂಡರು. ಫ್ಯಾನು ತಿರುಗುತ್ತಿತ್ತು — ಅದಕ್ಕೆ ಇನ್ವರ್ಟರ್ ಇದೆ, ಮಷೀನಿಗಿಲ್ಲ ಎಂದುಕೊಂಡರು. ಸಿಲಿಂಡರ್ ಇಲ್ಲ. ಅವನ ಎದೆ ನೀವುತ್ತಾ ಕರೆಂಟಿನ ದಾರಿ ಕಾಯ್ದರು.

ನಾನು ಬಂದಾಗ ಅಣ್ಣನ ತುಟಿ ನೀಲಿ.

ಆಸ್ಪತ್ರೆಯಲ್ಲಿ ವೈನಿ ಒಂದೇ ಮಾತು ಕೇಳಿದರು: "ದೀಪಕ್ಕ ಹಂಗ ಅಂತಾರ, ಖರೆ. ಉಸಿರಿಗೂ ಹಂಗ ಬರೀತಾರೇನೋ?"

ಜುಲೈ 14

ವಿದ್ಯಾವತಿ ಥೀಮ್ ಅಳಿಸಿದಳು. ಹಸಿರು, ಕೆಂಪು ತಿರುಗಿ ಬಂದವು.

"ಕಾಕಾ, ಇವೆಲ್ಲ ಪುಕ್ಕಟೆ ಸಿಗ್ತಾವ. ರೊಕ್ಕ ಕೊಟ್ಟೀರೇನು?"

"ಏ... ಚಹಾದ ರೊಕ್ಕ, ಅಷ್ಟ."

ಅಣ್ಣ ಕಣ್ಣು ತೆರೆದ. ಒಂದೊಂದು ಶಬ್ದಕ್ಕೆ ಒಂದೊಂದು ಉಸಿರು. "ಸಿಲಿಂಡರಿಂದು... ಎಷ್ಟ... ಲೇ?"

ವೈನಿ ನನ್ನ ಕಡೆ ನೋಡಲಿಲ್ಲ. ನಳಿಕೆ ಸರಿಮಾಡುತ್ತಿದ್ದರು. ನಾನು ಎದ್ದು ಹೊರಗೆ ಬಂದೆ.

ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಬಾಯಿಗೆ ಬಂದೀತು. ಹನ್ನೊಂದು ಸಾವಿರದ ಇನ್ನೂರು. ವೈನಿ ಕೊಟ್ಟದ್ದಷ್ಟೂ ಥೀಮಿಗೆ ಹೋಯಿತು. ಒಳಗೆ ಹೋಗಿ ಇದನ್ನೇ ಅಣ್ಣನ ಮುಖ ನೋಡಿ ಹೇಳಬೇಕು.