ಠಾಣೆಯ ಗೋಡೆಯ ಮೇಲಿನ ಕೊನೆಯ ಸಾಲು

ಠಾಣಾಧಿಕಾರಿಗಳೇ,

ನನ್ನ ಗಂಡನ ಮೇಲೆ ನೀವು ಹೂಡಿರುವ ‘ಕರ್ತವ್ಯಕ್ಕೆ ಅಡ್ಡಿ’ ಎಂಬ ಪ್ರಕರಣ ಸುಳ್ಳು. ಮದುವೆಯಾಗಿ ತಿಂಗಳೂ ತುಂಬದ ನನಗೆ ‘ನನ್ನ ಗಂಡ’ ಎಂದು ಬರೆಯುವಾಗ ಈಗಲೂ ಖುಷಿಗೆ ನಗು ಬರುತ್ತದೆ. ಅದರ ಪಕ್ಕದಲ್ಲೇ ‘ಆರೋಪಿ’ ಎಂದು ಬರೆಯುವ ಭಾಗ್ಯವನ್ನೂ ತಾವು ಕರುಣಿಸಿದ್ದೀರಿ. ಮದುವೆಯ ಉಡುಗೊರೆಗಳಲ್ಲಿ ಇದೊಂದನ್ನು ಮಾತ್ರ ವಾಪಸು ಕಳಿಸಬೇಕೆಂದಿದ್ದೇನೆ.

ನಾವಿಬ್ಬರೂ ಒಂದೇ ಕನ್ನಡಕದ ಅಂಗಡಿಯವರು. ಅವನು ಒಳಗೆ ಗಾಜು ಉಜ್ಜುತ್ತಾನೆ, ನಾನು ಹೊರಗೆ ಕಣ್ಣು ಪರೀಕ್ಷಿಸುತ್ತೇನೆ. ಕೆಲಸದವರ ನಡುವೆ ಪ್ರೀತಿಗೀತಿ ಕೂಡದೆಂಬುದು ಮಾಲೀಕರ ನಿಯಮ. ಹಾಗಾಗಿ ಮದುವೆ ಗಟ್ಟಿಯಾಗುವವರೆಗೂ ಯಾರು ಕೇಳಿದರೂ ‘ಜೊತೆಗೆ ಕೆಲಸ ಮಾಡೋರು’ ಎಂದು ಹೇಳಿ ಹೇಳಿ ನನ್ನ ನಾಲಿಗೆ ಪಳಗಿತ್ತು. ಮದುವೆಯಾದ ಹೊಸತರ ಆ ಸಂಜೆ ಬಸ್ ನಿಲ್ದಾಣದ ಪಕ್ಕ ಸ್ಕೂಟರ್ ನಿಲ್ಲಿಸಿ, ಒಂದೇ ಐಸ್‌ಕ್ರೀಮಿಗೆ ಇಬ್ಬರೂ ಬಾಯಿ ಹಾಕಿದ್ದಾಗ ನಿಮ್ಮ ಪೇದೆ ಬಂದರು.

“ಏನಮ್ಮಾ, ಯಾರಿವನು?”

“ಜೊತೆಗೆ ಕೆಲಸ ಮಾಡೋರು ಸಾರ್,” ಎಂದುಬಿಟ್ಟೆ. ಅದೇ ಕ್ಷಣ ಅವನು, “ನನ್ನ ಹೆಂಡ್ತಿ ಸಾರ್.”

“ಮೊದ್ಲು ಇಬ್ರೂ ಕೂತ್ಕೊಂಡು ಒಂದೇ ಕತೆ ಕಟ್ರಪ್ಪಾ, ಆಮೇಲೆ ಹೇಳಿ!” ಎಂದು ಪೇದೆ ನಕ್ಕರು.

ಒಪ್ಪುತ್ತೇನೆ, ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಆದರೆ ಅವರು ನಕ್ಕು ಸುಮ್ಮನಾಗಲಿಲ್ಲ. ಫೋನ್ ಕೊಡು, ಫೋಟೋ ನೋಡಬೇಕು ಎಂದರು. “ಯಾಕೆ ಸಾರ್, ನಮ್ಮ ಮೇಲೆ ಏನು ಆರೋಪ?” ಎಂದು ನನ್ನವನು ಕೇಳಿದ. ಕೇಳಿದ್ದು ಅಷ್ಟೇ. ದನಿ ಏರಿಸಲಿಲ್ಲ, ಕೈ ಎತ್ತಲಿಲ್ಲ. ಎತ್ತೋಣವೆಂದರೆ ಕೈತುಂಬ ಕರಗಿದ ಐಸ್‌ಕ್ರೀಮ್. ಇದೇ ಅಡ್ಡಿಯೇ? ಒಂದು ಪ್ರಶ್ನೆಗೆ ಎಡವಿ ಬೀಳುವಷ್ಟು ನಾಜೂಕೇ ನಿಮ್ಮ ಕರ್ತವ್ಯ?

ಪೇದೆ ಅವನ ಫೋನ್ ಕಿತ್ತುಕೊಂಡು ಇಬ್ಬರನ್ನೂ ಠಾಣೆಗೆ ಕರೆತಂದರು. ಅಲ್ಲಿ ನೀವು ಅವನನ್ನು ಒಳಕೋಣೆಗೆ, ನನ್ನನ್ನು ಬೆಂಚಿಗೆ ಕಳಿಸಿದಿರಿ. ವಕೀಲರಿಗೆ ಫೋನ್ ಮಾಡುತ್ತೇನೆಂದರೆ, “ಸಿನಿಮಾ ನೋಡಿ ಕೆಟ್ಟೋಗಿದೀಯ” ಎಂದಿರಿ. ಎದುರಿನ ಗೋಡೆಯಲ್ಲಿ, ನೀರಿನ ಫಿಲ್ಟರಿನ ಹಿಂದೆ ಅರ್ಧ ಅಡಗಿದ್ದ ‘ಬಂಧಿತರ ಹಕ್ಕುಗಳು’ ಫಲಕ ಕಾಣಿಸಿತು. ಓದಿದ್ದೆಲ್ಲ ಇಂಗ್ಲಿಷಿನಲ್ಲಾದರೂ ಕನ್ನಡ ಅಕ್ಷರ ತೋರಿಸಿ ಕಣ್ಣು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಬಲ ಬದಿಗೆ ಸರಿದು, ಮೇಲಿನಿಂದ ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ. ತಡೆದ ಕಾರಣ ತಿಳಿಸಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿ: ವಕೀಲರನ್ನು ಕಾಣಲು ಬಿಡಬೇಕು. ನಮ್ಮ ಅಂಗಡಿಯಲ್ಲಿ ಆ ಸಾಲು ಓದಲಾರದವರಿಗೆ ಕನ್ನಡಕ ಕೊಡುತ್ತೇವೆ. ನಿಮ್ಮಲ್ಲಿ ಅಧಿಕಾರಿಯ ಕುರ್ಚಿ ಕೊಡುತ್ತಾರೇನು?

ಆಮೇಲೆ ನೀವು ಮೆತ್ತಗಾದಿರಿ. “ಹೊಸ ಜೋಡಿ, ಕೋರ್ಟು ಕಚೇರಿ ಯಾಕಮ್ಮಾ? ತಪ್ಪಾಯ್ತು ಅಂತ ಬರೆದು ಇಬ್ರೂ ಸಹಿ ಹಾಕಿ, ಕೇಸೇ ಇಲ್ಲ.” ಸುದ್ದಿ ತಿಳಿದು ಓಡಿಬಂದ ಅತ್ತೆಯೂ, “ಹಾಕ್ಬಿಡೇ ಮಗಳೇ, ಒಂದು ಸಹಿ ತಾನೇ?” ಎಂದು ಕಣ್ಣೊರೆಸಿಕೊಂಡರು. ನನಗೂ ಮನೆಗೆ ಹೋದರೆ ಸಾಕಾಗಿತ್ತು. ಸಹಿಗೆಂದು ಒಳಕೋಣೆಯಿಂದ ಕರೆಸಿದ್ದ ಅವನು ನನ್ನ ಮುಖ ನೋಡಿದ, ನಾನು ಅವನದನ್ನು. ಇಬ್ಬರೂ ಒಟ್ಟಿಗೇ “ಇಲ್ಲ” ಎಂದೆವು.

ಕೇಳಿಸಿತಲ್ಲವೇ ಸಾರ್? ಈ ಸಲ ಇಬ್ಬರದೂ ಒಂದೇ ಉತ್ತರ, ಅದೂ ಮಾತಾಡಿಕೊಳ್ಳದೆ.

ಆ ಉತ್ತರಕ್ಕೇ ಪ್ರಕರಣ ಹೂಡಿ ನಮ್ಮನ್ನು ಮನೆಗೆ ಕಳಿಸಿದಿರಿ. ಈಗ ಆ ಪ್ರಕರಣ ಕೈಬಿಡಿ, ಇಟ್ಟುಕೊಂಡಿರುವ ಅವನ ಫೋನ್ ಹಿಂದಿರುಗಿಸಿ, ಫಲಕದ ಮುಂದಿನ ಫಿಲ್ಟರ್ ಸರಿಸಿ. ಆಗದೆಂದರೆ ನ್ಯಾಯಾಲಯಕ್ಕೆ ಬನ್ನಿ. ಅಲ್ಲಿ ಯಾರಾದರೂ ‘ಯಾರಿವನು?’ ಎಂದು ಕೇಳಲೆಂದೇ ಕಾಯುತ್ತಿದ್ದೇನೆ.

ಇಂತಿ,
ಈಗ ಕನ್ನಡಿಯ ಮುಂದೆ ನಿಂತು ‘ನನ್ನ ಗಂಡ ಸಾರ್’ ಎಂದು ಅಭ್ಯಾಸ ಮಾಡುತ್ತಿರುವ,
ಆರೋಪಿಯ ಹೆಂಡತಿ