ತೆರ್ತ್ಯನ ವಂದನೆ

ಮಾರ್ಚ್ 23, ಭಾನುವಾರ. ಪ್ಲೇನ್‌ಫೀಲ್ಡ್.

ಡಾಕ್ಟರ್ ಸ್ಯಾಮ್ಸನ್ನರ ಬೊಕ್ಕತಲೆ ಕೆಂಪಗಾಗಿದ್ದು ಇನ್ನೂ ಕಣ್ಣಮುಂದಿದೆ. ಪರದೇಶದ ಈ ಊರಲ್ಲಿರೋ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಇವರೇ ಅಧ್ಯಕ್ಷರು, ಇವರಿಗೇ ಕನ್ನಡ ಓದೋಕೆ ಬರಲ್ಲ. ಪ್ರತಿ ಹಬ್ಬಕ್ಕೂ ಭಾಷಣವನ್ನು ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು, ಅವರು ತಮ್ಮದೇ ಅನ್ನೋ ಹಾಗೆ ಓದಬೇಕು. ಆಮೇಲೆ ಕಾಫಿ ತಂದವರಿಗೆ, ಕುರ್ಚಿ ಜೋಡಿಸಿದವರಿಗೆ ಥ್ಯಾಂಕ್ಸ್. ನನ್ನ ಖಾತೆಗೆ ಸೊನ್ನೆ.

ಈ ಸಲ ಬೈಬಲಿನ ತೆರ್ತ್ಯನ ಬಗ್ಗೆ ಬರೆದೆ. ಅಪೊಸ್ತಲ ಪೌಲ ಹೇಳಿದ್ದನ್ನು ಬರೆದುಕೊಳ್ಳುತ್ತಾ, ರೋಮಿನವರಿಗೆ ಹೋದ ಪತ್ರದ ಕೊನೆಗೆ ತನ್ನದೂ ಒಂದು ವಂದನೆ ತುರುಕಿದ ಜಾಣ. ನಾನೂ ತುರುಕಿದೆ. ಡಾಕ್ಟರು ಎಂದಿನಂತೆ ಮೊದಲೇ ನೋಡಿರಲಿಲ್ಲ, ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿಯೇಬಿಟ್ಟರು: "ಇದನ್ನೆಲ್ಲ ಬರೆದ ಮನೋಹರನ ವಂದನೆಯೂ ನಿಮಗೆ ಸಲ್ಲಲಿ."

ಮುಂದಿನ ಸಾಲಿನಿಂದ ಎಸ್ತರ್ ಆಂಟಿ ಕೂಗಿದರು: "ಅದಕ್ಕೇ ಅಂದ್ಕೊಂಡೆ, ಡಾಕ್ಟ್ರಿಗೆ ಇಷ್ಟು ಒಳ್ಳೇ ಕನ್ನಡ ಎಲ್ಲಿಂದ ಬಂತು ಅಂತ!" ಹಾಲ್ ತುಂಬ ನಗು.

ಕಾಫಿ ಹೊತ್ತಿಗೆ ಡಾಕ್ಟರು ಹತ್ತಿರ ಬಂದು, ಹಲ್ಲು ಕಚ್ಚಿಕೊಂಡೇ, "ಈಸ್ಟರ್‌ದೂ ನೀವೇ ಬರೆದುಕೊಡಿ ಮನೋಹರ್," ಅಂದರು. ಬೇರೆ ಯಾರಿದ್ದಾರೆ ಪಾಪ.

ಕೊಡ್ತೀನಿ. ಪೌಲನಿಗೆ ಕೇಡು ಮಾಡಿದ ಕಂಚುಗಾರ ಅಲೆಕ್ಸಾಂದ್ರನನ್ನು ಎತ್ತಿಕೊಳ್ತೀನಿ. ಅವನು ನೋಡೋಕೆ ಹೇಗಿದ್ದ ಅಂತ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಬೊಕ್ಕತಲೆ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳೋ ಚಾಳಿ, ಆಮೇಲೆ...