ಟೀಪಾಯಿಯ ಪೆಟ್ಟು

ಮಹಾ ವಾಗ್ಮಿ ತಮ್ಮ ಭಾಸ್ಕರನಿಗೆ,

ಹೊನ್ನಾವರದಲ್ಲಿ ನಿನ್ನ ಗಂಟಲು ಗಟ್ಟಿಯಾಗಿಯೇ ಇದೆಯೆಂದು ನಿನ್ನೆ ಫೋನಿನಲ್ಲಿ ತಿಳಿಯಿತು. ಕುಮಟೆಯಲ್ಲಿ ನಾನೂ ನಿನ್ನ ಮಗಳೂ ಆರಾಮ. ಫೋನಿನಲ್ಲಾದರೆ ನಿನ್ನೆದುರು ಯಾರಿಗೂ ಸರದಿ ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗದು.

"ಅರ್ಚಿತಾನ್ನ ಭಾನುವಾರ ಕಳ್ಸು. ಭಟ್ಕಳದಲ್ಲಿ ಇನ್ನೊಂದು ಭಾಷಣ ಸ್ಪರ್ಧೆ ಇದೆ, ಪ್ರಾಕ್ಟೀಸ್ ಆಗ್ಬೇಕು" ಎಂದೆಯಲ್ಲ, ಯಾರಿಗೆ ಮಾರಾಯ ಪ್ರಾಕ್ಟೀಸ್? ಅವಳಿಗೋ, ನಿನಗೋ?

ಊರಿನ ತಾಳಮದ್ದಳೆಯಲ್ಲಿ ನಿನಗೆ ಸಿಕ್ಕಿದ ಅತಿ ದೊಡ್ಡ ಪಾತ್ರ ದೂತನದು. "ಅಪ್ಪಣೆ, ಪ್ರಭು" ಎಂದರೆ ಮುಗಿಯಿತು. ಅದನ್ನೂ ಮರೆತು ಭಾಗವತರ ಮುಖ ನೋಡುತ್ತ ಕೂತಿದ್ದೆ. ಅಂಥ ಪಂಡಿತ ಐದನೇ ಕ್ಲಾಸಿನ ಕೂಸಿಗೆ ಮಾತು ಕಲಿಸಲು ಹೊರಟೆ. ಶಾಲೆಯವರು "ನಮ್ಮೂರ ಕಡಲು" ಎಂದು ವಿಷಯ ಕೊಟ್ಟರೆ ನೀನು ಬರೆದುಕೊಟ್ಟದ್ದು "ಹೇ ಅಗಾಧ ಜಲರಾಶಿಯೇ!" ನಿಮ್ಮ ಹೊನ್ನಾವರದ ಕಾಸರಕೋಡ ದಂಡೆಯಲ್ಲೇ ಆಡಿ ಬೆಳೆದವಳು ಅವಳು, ಕಡಲಿಗೆ ಯಾವತ್ತೂ "ಹೇ" ಎಂದವಳಲ್ಲ. ಎಲ್ಲಿ ಕೈ ಎತ್ತಬೇಕು, ಎಲ್ಲಿ ಕಣ್ಣರಳಿಸಬೇಕು ಎಂದು ಕನ್ನಡಿ ಮುಂದೆ ನಿಲ್ಲಿಸಿದೆ. ಗ್ಯಾಸ್ ಸಿಲಿಂಡರ್ ತಂದವನನ್ನೂ ಕೂರಿಸಿ ಕೇಳಿಸಿದೆ. ಪಾಪದವನು ಚಪ್ಪಾಳೆ ತಟ್ಟಿದ ಮೇಲೆಯೇ ಬಿಟ್ಟೆಯಂತೆ.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಿನಗೆ ಮನೆಯಲ್ಲೂ ತಾಳಮದ್ದಳೆಯೇ ಬೇಕಾಯಿತು. ಅರ್ಥಧಾರಿ ಒಂದು ಮಾತು ಮುಗಿಸಿದಾಗ ಮದ್ದಳೆಯವನು ಪೆಟ್ಟು ಕೊಡುವಂತೆ, ಅವಳ ಒಂದೊಂದು ವಾಕ್ಯಕ್ಕೂ ನೀನು ಟೀಪಾಯಿ ಬಡಿದೆ. ಪೆಟ್ಟು ಬೀಳುವ ಮೊದಲೇ ಮುಂದೆ ಹೋದರೆ ಗದರಿದೆ. ಮಗು ಹೇಳಿದಂತೆ ಕಲಿಯಿತು.

ಸ್ಪರ್ಧೆಯ ದಿನ ನಾನೂ ನಿನ್ನ ಹೆಂಡತಿ ಸೌಜನ್ಯಾಳೂ ಹಿಂದಿನ ಸಾಲಿನಲ್ಲಿದ್ದೆವು. ಅರ್ಚಿತಾ ಮೊದಲ ವಾಕ್ಯ ಮುಗಿಸಿ, ಎತ್ತಿದ ಕೈ ಇಳಿಸದೆ ನಿಂತುಬಿಟ್ಟಳು. ಮರೆತಳು ಎಂದುಕೊಂಡರು ಎಲ್ಲರೂ. ಅವಳು ಮರೆತಿರಲಿಲ್ಲ, ನಿನ್ನ ಪೆಟ್ಟಿಗಾಗಿ ಕಾಯುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ನಿನ್ನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿತ್ತು. ಹೊರಗೆ ಬಂದು "ನನ್ನ ಮರ್ಯಾದೆ ತೆಗ್ದೆ" ಎಂದು ಎಲ್ಲರೆದುರು ಕೂಗಿದೆ. ಇಲ್ಲದ್ದನ್ನು ಆ ಮಗು ಎಲ್ಲಿಂದ ತೆಗೆಯಬೇಕು?

ಅಂದಿನಿಂದ ಅವಳದು ತಲೆಯಾಡಿಸುವುದೊಂದೇ ಉತ್ತರ. ಆ ಹೆದರಿಕೆಗೇ ಸೌಜನ್ಯಾ ಅವಳನ್ನು ದಸರಾ ರಜೆಗೆ ಇಲ್ಲಿ ಬಿಟ್ಟು ಹೋದದ್ದು. ಬಂದ ಮೇಲೂ ಮಾತಿರಲಿಲ್ಲ. ಮೊನ್ನೆ ಬೆಳಿಗ್ಗೆ ನಾನು ಅವಳಿಗೆ ಬೆನ್ನು ಹಾಕಿ ಕಾಯಿ ತುರಿಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಅತ್ತೆ, ಮೀನು ಒಣಗ್ಸಿ ಮೇಲೆ ಬಲೆ ಹಾಕಿರ್ತಾರಲ್ಲ, ಅದ್ರ ಮೇಲೆ ಒಂದು ಕಾಗೆ ಕೂತಿತ್ತು. ಮೀನು ಕಾಣ್ತದೆ, ತಿನ್ನೂಕೆ ಆಗೂದಿಲ್ಲ. ಸಿಟ್ಟು ಬಂದು ಬಲೆನೇ ಕುಟ್ಟೂಕೆ ಹೋಗಿ ಕಾಲು ಸಿಕ್ಕಿಬಿತ್ತು..."

ನಗು ತಡೆಯಲಾರದೆ ತುರಿಯುವುದನ್ನು ನಿಲ್ಲಿಸಿದೆ. ಅವಳ ಮಾತೂ ನಿಂತಿತು. ತಿರುಗಿ ನೋಡಿದರೆ, ಬಾಯಿ ತೆರೆದೇ ಇತ್ತು, ಕಣ್ಣು ನನ್ನ ಕೈಯ ಮೇಲಿತ್ತು. ಮತ್ತೆ ತುರಿಯತೊಡಗಿದೆ. "ಆಮೇಲೆ ಎಂತ ಆತು ಅಂದ್ರೆ" ಎಂದು ಅವಳು ಮುಂದುವರಿಸಿದಳು. ಅಷ್ಟರಲ್ಲಿ ಕಾಯಿ ಮುಗಿಯಿತು. ಇನ್ನೊಂದು ಒಡೆಯಲು ಎದ್ದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು, ಕಾಗೆ ಬಿಡಿಸಿಕೊಂಡು ಹಾರುವ ತನಕ ಬರೀ ಕರಟವನ್ನೇ ತುರಿದೆ. ಮಧ್ಯಾಹ್ನ ಕರಟದ ಚೂರು ಉಗುಳುತ್ತ ಇಬ್ಬರೂ ಉಂಡೆವು.

ಭಾನುವಾರ ಅವಳು ಬರುವುದಿಲ್ಲ. ಮಗಳ ಮಾತು ಕೇಳಬೇಕೆಂದಿದ್ದರೆ ನೀನೇ ಬಾ, ಬಾಯಿ ಮುಚ್ಚಿ ಅಡುಗೆಮನೆಯಲ್ಲಿ ಕೂರು. ಕಾಯಿ ತುರಿದುಕೊಡು. ಅವಳು ಮುಗಿಸುವ ತನಕ ಕೈ ನಿಲ್ಲಿಸಬೇಡ.

ದೇವರು ನಿನಗೆ ಇನ್ನಾದರೂ ಎರಡು ಕಿವಿ ಕರುಣಿಸಲಿ ಎಂದು ಹರಸುವ,
ಅಕ್ಕ ಉಮಾ